200 ಲೀಟರ್ ಡ್ರಮ್‌ನಲ್ಲಿ ನಿಜಕ್ಕೂ ಎಷ್ಟು ಡೀಸೆಲ್ ಇರುತ್ತೆ?

ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ನಟ್ಟು ಬೋಲ್ಟಿನ ಲೆಕ್ಕ ಒಂದು ದಿನವೂ ನನ್ನ ನಿದ್ದೆ ಕೆಡಿಸಿಲ್ಲ. ಕೆಡಿಸಿದ್ದು ಜನರೇಟರಿನ ಡೀಸೆಲ್. ತಿಂಗಳ ಕೊನೆಗೆ ರಿಜಿಸ್ಟರ್ ಒಂದು ಹೇಳುತ್ತಿತ್ತು, ಡ್ರಮ್ ಇನ್ನೊಂದು ಹೇಳುತ್ತಿತ್ತು. ಎರಡೂ ತಾಳೆಯಾಗದಿದ್ದರೆ ಯಜಮಾನರ ಕಣ್ಣು ನೇರವಾಗಿ ಹೋಗುವುದು ಜನರೇಟರ್ ಹುಡುಗನ ಮೇಲೆ. ‘ಅಣ್ಣಾ, ನಾನು ಮುಟ್ಟಿಲ್ಲ’ ಅಂತ ಅವನು, ‘ಹಾಗಾದ್ರೆ ಗಾಳಿ ಕುಡೀತಾ?’ ಅಂತ ಅಕೌಂಟ್ಸಿನವರು. ಡೀಸೆಲ್ ಕದಿಯೋರು ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಕಳ್ಳತನ ಅನ್ನುವ ಮೊದಲು ಡ್ರಮ್ ಅಳೆಯಬೇಕು ಅಲ್ವಾ? ನಮ್ಮಲ್ಲಿ ಯಾರೂ ಅಳೆದಿರಲಿಲ್ಲ. ಒಂದು ಡ್ರಮ್ ಅಂದರೆ 200 ಲೀಟರ್, ಅರ್ಧ ಡ್ರಮ್ ಅಂದರೆ 100, ಅಷ್ಟೇ ಲೆಕ್ಕ.

ಮೊದಲು ಈ 200ರ ವಿಷಯ. ಹಳೆಯ ಬ್ರಿಟಿಷ್ ಗ್ಯಾಲನ್ ಸುಮಾರು 4.546 ಲೀಟರ್. ಅಂಥ 44 ಗ್ಯಾಲನ್ ಅಂದರೆ 200 ಲೀಟರ್. ಅಮೆರಿಕದವರು ಇದೇ ಡ್ರಮ್ಮನ್ನು 55 ಗ್ಯಾಲನ್ ಅನ್ನುತ್ತಾರೆ. ಅವರ ಗ್ಯಾಲನ್ 3.785 ಲೀಟರ್, ಹಾಗಾಗಿ ಅದು 208 ಲೀಟರ್ ಆಗುತ್ತದೆ. ಅಂದರೆ ಡ್ರಮ್ ಮೇಲಿನ ಅಂಕಿ ತುಂಬಿಸಬೇಕಾದ ಅಳತೆ, ಕಂಠಪೂರ್ತಿ ಹಿಡಿಯುವ ಅಳತೆ ಅಲ್ಲ. ಕಂಠಪೂರ್ತಿ ಅಂದರೆ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ಎಷ್ಟು ಜಾಸ್ತಿ ಅನ್ನುವುದನ್ನು ನಮ್ಮ ಡ್ರಮ್ಮನ್ನು ನಾವೇ ಅಳೆದು ತಿಳಿಯಬೇಕು.

ಟೇಪ್ ಹಿಡಿದು ಅಳೆಯುವಾಗಲೇ ಸುಮಾರು ಜನ ದಾರಿ ತಪ್ಪುತ್ತಾರೆ. ಡ್ರಮ್‌ನ ಮೈಮೇಲೆ ಉರುಳಿಸಲಿಕ್ಕೆ ಅಂತ ಎರಡು ಉಬ್ಬು ಬಳೆಗಳಿರುತ್ತವೆ. ಆ ಉಬ್ಬಿನ ಮೇಲೆ ಅಡ್ಡಗಲ ಹಿಡಿದರೆ 59 ಸೆಂ.ಮೀ. ಬರುತ್ತದೆ. ಎತ್ತರ ನೆಲದಿಂದ ಮೇಲಿನ ಅಂಚಿನವರೆಗೆ ಹಿಡಿದರೆ 88.5. ಗುಣಿಸಿ ನೋಡಿ, 242 ಲೀಟರ್! ಸುಳ್ಳು ಲೆಕ್ಕ. ಮೇಲಿನ ತಗಡೂ ಕೆಳಗಿನ ತಗಡೂ ಅಂಚಿಗಿಂತ ಒಳಗೆ ಕೂತಿರುತ್ತವೆ. ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ, ಮಳೆ ಬಂದಾಗ ಅಲ್ಲೇ ನೀರು ನಿಲ್ಲುವುದು. ಆ ಎರಡು ಕಡೆಯ ತಗ್ಗಿನಲ್ಲೇ ಒಂಬತ್ತು ಲೀಟರ್ ಹೋಯಿತು.

ನಾನು ಮಾಡಿದ್ದು ಹೀಗೆ. ಎರಡು ಬಳೆಗಳ ನಡುವಿನ ಸಪಾಟಾದ ಜಾಗದಲ್ಲಿ ಬಟ್ಟೆ ಟೇಪ್ ಸುತ್ತಿದೆ. ಸುತ್ತಳತೆ 180.3 ಸೆಂ.ಮೀ. ಬಂತು. 3.1416ರಿಂದ ಭಾಗಿಸಿದರೆ ಹೊರಗಿನ ಅಡ್ಡಗಲ 57.39. ತಗಡು 1.2 ಮಿ.ಮೀ. ದಪ್ಪ, ಎರಡು ಕಡೆಯದು ಕಳೆದರೆ ಒಳಗೆ 57.15. ಇದರ ವರ್ಗವನ್ನು 0.7854ರಿಂದ (3.1416ರ ಕಾಲು ಭಾಗ) ಗುಣಿಸಿದರೆ 2565 ಚದರ ಸೆಂ.ಮೀ. ಬರುತ್ತದೆ. ಡ್ರಮ್ ನಿಂತಿದ್ದರೆ ಒಂದು ಸೆಂ.ಮೀ. ಎಣ್ಣೆ ಅಂದರೆ 2.565 ಲೀಟರ್. ಈ ಒಂದು ಅಂಕಿ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಒಳಗಿನ ಎತ್ತರಕ್ಕೆ ದೊಡ್ಡ ಮುಚ್ಚಳ ಬಿಚ್ಚಿ ಹಿತ್ತಾಳೆ ಸರಳು ಇಳಿಬಿಟ್ಟೆ. 85 ಸೆಂ.ಮೀ. ಬಂತು. ಒಟ್ಟು 218 ಲೀಟರ್. ಉಬ್ಬು ಬಳೆಗಳ ಒಳಗೆ ಇನ್ನೊಂದಿಷ್ಟು ಹಿಡಿಯುತ್ತದೆ, ಎರಡೂ ಸೇರಿ ಅರ್ಧ ಲೀಟರ್ ಒಳಗೇ.

ಇದನ್ನು ನಂಬಬಹುದಾ ಅಂತ ನೀರು ತುಂಬಿ ತೂಗಿದೆ. ಹೊಸ ಡ್ರಮ್ ಒಂದನ್ನು 300 ಕೆ.ಜಿ. ಪ್ಲಾಟ್‌ಫಾರ್ಮ್ ತಕ್ಕಡಿ ಮೇಲೆ ಇಟ್ಟೆ. ವೇಬ್ರಿಜ್‌ಗೆ ಹೋಗಬೇಡಿ, ಅದು ಲಾರಿ ತೂಗಲಿಕ್ಕೆ ಇರುವುದು, ಐದು ಹತ್ತು ಕೆ.ಜಿ. ಅದಕ್ಕೆ ಲೆಕ್ಕಕ್ಕೇ ಇಲ್ಲ. ಮೊದಲು ಖಾಲಿ ತೂಗಿದೆ, ಆಮೇಲೆ ಕಂಠಪೂರ್ತಿ ನೀರು ತುಂಬಿ ತೂಗಿ ಖಾಲಿ ತೂಕ ಕಳೆದೆ. ನೀರು 218.1 ಕೆ.ಜಿ. ನಮ್ಮ ಊರಿನ ಹವೆಯಲ್ಲಿ, 25 ಡಿಗ್ರಿ ಹತ್ತಿರ, ಒಂದು ಲೀಟರ್ ನೀರು 0.997 ಕೆ.ಜಿ. ತೂಗುತ್ತದೆ. ಹಾಗಾಗಿ 218.8 ಲೀಟರ್. ಟೇಪಿನ ಲೆಕ್ಕಕ್ಕೆ ಹತ್ತಿರವೇ ಇದೆ. ಈ ಪ್ರಯೋಗ ಮಾಡಿದ ಡ್ರಮ್‌ಗೆ ಡೀಸೆಲ್ ಹಾಕಲಿಲ್ಲ. ಒಳಗೆ ಒಂದು ಹನಿ ಉಳಿದರೂ ಫಿಲ್ಟರ್‌ಗೆ ಕೇಡು. ಈಗ ಅದು ಕೂಲೆಂಟ್ ಡ್ರಮ್.

ಜಾಲಿ ಮೊಹಲ್ಲಾ ಕಡೆಯ ಗುಜರಿಯಿಂದ ಹಳೇ ಡ್ರಮ್ ತಂದವರಿಗೆ ಒಂದು ಮಾತು. ಒಳಗೆ ಏನಿದೆ ಅಂತ ನೋಡಲು ಲೈಟರ್ ಹಚ್ಚುವುದು, ಖಾಲಿ ತಾನೇ ಅಂತ ಗ್ಯಾಸ್ ಕಟಿಂಗ್ ಹಿಡಿಯುವುದು ಬೇಡ. ತುಂಬಿದ ಡ್ರಮ್‌ಗಿಂತ ಆವಿ ತುಂಬಿದ ಖಾಲಿ ಡ್ರಮ್ಮೇ ಜಾಸ್ತಿ ಅಪಾಯ. ಹಾಗೆಯೇ ನೆಗ್ಗಿದ ಡ್ರಮ್‌ಗೆ ನನ್ನ 218 ಒಪ್ಪುವುದಿಲ್ಲ.

ದಿನಾ ಕ್ಯಾಲ್ಕುಲೇಟರ್ ಹಿಡಿದು ಕೂರಲು ಆಗುವುದಿಲ್ಲ. ಅದಕ್ಕೆ ಸರಳಿನ ಮೇಲೇ ಗೆರೆ ಕೊರೆದೆ. ತೂಕ ಅಳತೆ ಇಲಾಖೆಯ ಮುದ್ರೆ ಇರುವ 20 ಲೀಟರ್ ಅಳತೆ ಕ್ಯಾನಿನಿಂದ ಡೀಸೆಲ್ ಹಾಕುವುದು, ಅಲುಗಾಟ ನಿಂತ ಮೇಲೆ ಸರಳು ಇಳಿಸುವುದು, ಒದ್ದೆಯಾದ ಕಡೆ ಗೀಚುವುದು. ಲೆಕ್ಕದ ಪ್ರಕಾರ ಪ್ರತಿ 20 ಲೀಟರ್‌ಗೆ 7.8 ಸೆಂ.ಮೀ. ಬರಬೇಕು. ಮಧ್ಯದಲ್ಲೆಲ್ಲ ಸರಿಯಾಗಿ ಬರುತ್ತದೆ. ಮೊದಲ ಗೆರೆಯಲ್ಲೇ ತಕರಾರು. ನಮ್ಮ ಒಂದು ಡ್ರಮ್‌ನಲ್ಲಿ ಅದು 8.3ಕ್ಕೆ ಬಂತು. ತಿರುಗಿಸಿ ನೋಡಿದರೆ ತಳ ಒಳಕ್ಕೆ ಒತ್ತಿಕೊಂಡಿತ್ತು, ಯಾವಾಗಲೋ ಲಾರಿಯಿಂದ ಕಲ್ಲಿನ ಮೇಲೆ ಇಳಿಸಿರಬೇಕು. ಒಂದು ಲೀಟರ್‌ಗಿಂತ ಜಾಸ್ತಿ ಅಲ್ಲೇ ಹೋಗಿದೆ. ಅಂಥ ಡ್ರಮ್‌ಗೆ ಬೇರೆ ಸರಳು, ಇಲ್ಲ ಅಂದರೆ ಗುಜರಿಗೆ.

ನೆಲದ ಇಳಿಜಾರಿನ ಕಡೆಗೆ ಯಾರೂ ಗಮನ ಕೊಡುವುದಿಲ್ಲ. ನೀರು ಹರಿದು ಹೋಗಲಿ ಅಂತ ನಮ್ಮ ಶೆಡ್ಡಿನ ನೆಲ 50ಕ್ಕೆ 1ರಂತೆ ಇಳಿದಿದೆ. ಸರಳು ಇಳಿಸುವ ಮುಚ್ಚಳ ಡ್ರಮ್‌ನ ನಡುವಿನಲ್ಲಿಲ್ಲ, ಅಂಚಿನ ಹತ್ತಿರ ಇದೆ, ನಡುವಿನಿಂದ ಸುಮಾರು 22 ಸೆಂ.ಮೀ. ದೂರ. ಮುಚ್ಚಳ ಇಳಿಜಾರಿನ ಕೆಳಗಡೆಗೆ ಇದ್ದರೆ ಸರಳು 0.44 ಸೆಂ.ಮೀ. ಜಾಸ್ತಿ ತೋರಿಸುತ್ತದೆ, ಮೇಲುಗಡೆಗೆ ಇದ್ದರೆ ಅಷ್ಟೇ ಕಮ್ಮಿ. ಒಂದು ಲೀಟರ್ ಹೀಗೆ, ಒಂದು ಲೀಟರ್ ಹಾಗೆ. ಬೆಳಗ್ಗೆ ಒಬ್ಬ ಡ್ರಮ್ ತಿರುಗಿಸಿಟ್ಟರೆ ಸಂಜೆಗೆ ಎರಡು ಲೀಟರ್ ಮಾಯ, ಯಾರೂ ಮುಟ್ಟದೆ. ಇದಕ್ಕೆ ಖರ್ಚಿಲ್ಲದ ಉಪಾಯ ಇದೆ. ಮುಚ್ಚಳವನ್ನು ಇಳಿಜಾರಿಗೆ ಅಡ್ಡಲಾಗಿ, ಅಂದರೆ ಎಡಕ್ಕೋ ಬಲಕ್ಕೋ ಬರುವ ಹಾಗೆ ನಿಲ್ಲಿಸಿ. ಆಗ ಸರಳು ಸರಾಸರಿ ಮಟ್ಟವನ್ನೇ ತೋರಿಸುತ್ತದೆ. ನಾನು ಡ್ರಮ್ ಮೇಲೆ ಬಿಳಿ ಬಾಣ ಬರೆಸಿದ್ದೇನೆ, ಬಾಣ ಗೋಡೆ ಕಡೆಗೇ ಇರಬೇಕು.

ಸ್ಟ್ಯಾಂಡ್ ಮೇಲೆ ಮಲಗಿಸಿದ ಡ್ರಮ್ಮಿನ ಕಥೆಯೇ ಬೇರೆ. ಅದಕ್ಕೆ ಒಂದು ಸೆಂ.ಮೀ.ಗೆ ಇಷ್ಟು ಅನ್ನುವ ಲೆಕ್ಕ ನಡೆಯುವುದಿಲ್ಲ. ತಳದಲ್ಲಿ ಅಗಲ ಕಮ್ಮಿ, ನಡುವಿನಲ್ಲಿ ಜಾಸ್ತಿ. ಮಟ್ಟ ಕಾಲು ಭಾಗಕ್ಕೆ, ಅಂದರೆ 14.3 ಸೆಂ.ಮೀ.ಗೆ ಇದ್ದರೆ ಕಾಲು ಡ್ರಮ್, 54 ಲೀಟರ್ ಇದೆ ಅಂದುಕೊಳ್ಳುತ್ತೇವೆ. ಇರುವುದು 42.6 ಲೀಟರ್. ಮಟ್ಟ 11.4 ಸೆಂ.ಮೀ. ಆದರೆ 31, 5.7 ಆದರೆ ಬರೀ 11. ಕರೆಂಟ್ ಹೋದ ರಾತ್ರಿ ‘ಇನ್ನೂ ಕಾಲು ಭಾಗ ಇದೆ ಸಾರ್’ ಅನ್ನುವವನನ್ನು ನಂಬಿದರೆ ಬೆಳಗಿನ ಜಾವ ಜನರೇಟರ್ ನಿಂತಿರುತ್ತದೆ. ಮಟ್ಟ ನೋಡಲು ಗಾರೆ ಮೇಸ್ತ್ರಿಗಳ ಲೆವೆಲ್ ಪೈಪಿನ ಹಾಗೆ ಪಾರದರ್ಶಕ ಪೈಪೊಂದನ್ನು ನಲ್ಲಿಗೆ ಸಿಕ್ಕಿಸಿ ಮೇಲಕ್ಕೆ ಹಿಡಿಯುತ್ತೇವೆ. ಗಾಳಿ ಬರುವ ಸಣ್ಣ ಮುಚ್ಚಳ ಬಿಚ್ಚಿರಬೇಕು. ನೋಡಿದ ಮೇಲೆ ಪೈಪ್ ತೆಗೆಯಬೇಕು, ಅಲ್ಲೇ ಬಿಟ್ಟರೆ ಒಂದು ದಿನ ಜಾರಿ ಇಡೀ ಡ್ರಮ್ ನೆಲಕ್ಕೆ.

ಇನ್ನು ಡ್ರಮ್‌ನಿಂದ ಹೊರಗೆ ಬರುವುದೆಷ್ಟು? ಕೈಪಂಪಿನ ಕೊಳವೆ ತಳಕ್ಕೆ ಮುಟ್ಟುವುದಿಲ್ಲ. ನಮ್ಮದು ಮೂರು ಸೆಂ.ಮೀ. ಮೇಲೆಯೇ ನಿಲ್ಲುತ್ತದೆ, ಅದನ್ನು ಹಾಗೇ ಬಿಟ್ಟಿದ್ದೇನೆ. ನೀರು, ಕಸ ಎಲ್ಲ ಇಳಿದು ಕೂರುವುದು ಅಲ್ಲಿಯೇ. ಸರಳಿನ ತುದಿಗೆ ವಾಟರ್ ಪೇಸ್ಟ್ ಹಚ್ಚಿ ಇಳಿಸಿದರೆ ನೀರು ಇರುವಷ್ಟು ಎತ್ತರಕ್ಕೆ ಬಣ್ಣ ಬದಲಾಗುತ್ತದೆ. ಮೂರು ಸೆಂ.ಮೀ. ಅಂದರೆ 7.7 ಲೀಟರ್. 200 ತುಂಬಿದ ಡ್ರಮ್‌ನಿಂದ ಪಂಪಿಗೆ ಸಿಗುವುದು 192. ನಮ್ಮ ಹುಡುಗನ ತಲೆ ಮೇಲೆ ಬಂದಿದ್ದ ಕಳವಿನ ದೊಡ್ಡ ಪಾಲು ಇದೇ. ಪಂಪ್ ಎಳೆಯುವುದು ನಿಂತ ಕೂಡಲೇ ಡ್ರಮ್ ಖಾಲಿ ಅಂತ ಬರೆದು, ಹಾಗೇ ಮಾರುತ್ತಿದ್ದರು. ಹತ್ತು ಡ್ರಮ್ ಮಾರಿದರೆ 77 ಲೀಟರ್ ಗುಜರಿಯವನ ಪಾಲು! ಅವನು ಯಾಕೆ ಚೌಕಾಸಿ ಮಾಡದೆ ದುಡ್ಡು ಕೊಡುತ್ತಿದ್ದ ಅಂತ ಆಮೇಲೆ ಎಲ್ಲರಿಗೂ ಹೊಳೆಯಿತು. ಈಗ ಕೊನೆಯದನ್ನು ವಾಲಿಸಿ ಬೇರೆ ಕ್ಯಾನ್‌ಗೆ ಬಸಿದು, ತಿಳಿಯಾಗಲು ಬಿಟ್ಟು, ಸೋಸಿ ಬಳಸುತ್ತೇವೆ.

ಸಪ್ಲೈಯರ್ ಜತೆ ಜಗಳ ಆಡುವ ಮುಂಚೆ ಸೆಖೆಯ ಲೆಕ್ಕ ಗೊತ್ತಿರಲಿ. ಡೀಸೆಲ್ ಒಂದು ಡಿಗ್ರಿಗೆ ಸುಮಾರು 0.00083 ಪಾಲು ಹಿಗ್ಗುತ್ತದೆ. 200 ಲೀಟರ್‌ಗೆ ಹತ್ತು ಡಿಗ್ರಿ ಏರಿದರೆ 1.7 ಲೀಟರ್. ತೂಕ ಮಾಡಿ ಪರೀಕ್ಷಿಸುವವರು ಇಲ್ಲಿಯೇ ಎಡವುತ್ತಾರೆ. ಚೀಟಿಯಲ್ಲಿ ಬರೆದ ಡೆನ್ಸಿಟಿ, ಅಂದರೆ ಒಂದು ಲೀಟರ್ ಎಷ್ಟು ಕೆ.ಜಿ. ಅನ್ನುವುದು, 15 ಡಿಗ್ರಿಗೆ ಹೇಳಿದ್ದು. 0.830 ಅಂತ ಇದ್ದರೆ, 30 ಡಿಗ್ರಿಯಲ್ಲಿ ಅದೇ ಡೀಸೆಲ್ 0.820ರ ಹತ್ತಿರ ಇರುತ್ತದೆ. ಮೀಟರ್‌ನಲ್ಲಿ ಸರಿಯಾಗಿ 200 ಲೀಟರ್ ಬಂದಿದ್ದರೂ ತೂಕವನ್ನು 0.830ರಿಂದ ಭಾಗಿಸಿದರೆ 197.5 ಬರುತ್ತದೆ. ಎರಡೂವರೆ ಲೀಟರ್ ಕಮ್ಮಿ ಅಂತ ಬೌಸರ್ (ಡೀಸೆಲ್ ತರುವ ಟ್ಯಾಂಕರ್) ಡ್ರೈವರ್ ಕಾಲರ್ ಹಿಡಿದರೆ ನಮ್ಮ ಮಾನವೇ ಹೋಗುತ್ತದೆ. ಮೀಟರ್ ಮೇಲೆ ಅನುಮಾನ ಇದ್ದರೆ ಮುದ್ರೆಯ ಐದು ಲೀಟರ್ ಅಳತೆ ತರಿಸಿ ಹಿಡಿಯಿರಿ. ಬಂಕ್‌ನಲ್ಲೂ ಇದನ್ನು ಕೇಳುವ ಹಕ್ಕು ಇದೆ. ಐದು ಲೀಟರ್‌ಗೆ 25 ಮಿ.ಲೀ. ಹೆಚ್ಚು ಕಮ್ಮಿ ಆಗಬಹುದು, ಅದಕ್ಕಿಂತ ಜಾಸ್ತಿ ಆದರೆ ಕೇಳಬಹುದು.

ಹಿಗ್ಗುವ ಕಾರಣಕ್ಕೇ ಕಂಠಪೂರ್ತಿ ತುಂಬಿಸುವುದಿಲ್ಲ. ನೂರಕ್ಕೆ ಐದು ಪಾಲು ಖಾಲಿ ಬಿಟ್ಟರೂ 207 ಹಿಡಿಯುತ್ತದೆ, ನಾನು 200ಕ್ಕೇ ನಿಲ್ಲಿಸುತ್ತೇನೆ. ಸರಳಿನಲ್ಲಿ 78 ಸೆಂ.ಮೀ., ಮೇಲೆ ಏಳು ಸೆಂ.ಮೀ. ಖಾಲಿ. ಏಪ್ರಿಲ್ ಬಿಸಿಲಿಗೂ ಸಾಕು.

ಎಷ್ಟು ಡ್ರಮ್ ಇಡಬಹುದು ಅಂತ ಪಕ್ಕದ ಶೆಡ್ಡಿನವರು ಕೇಳುತ್ತಿರುತ್ತಾರೆ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಡೀಸೆಲ್‌ನಂಥ ಬಿ ವರ್ಗದ ಎಣ್ಣೆಯನ್ನು ಒಂದು ಜಾಗದಲ್ಲಿ 2500 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಡಬಹುದು, ಯಾವ ಪಾತ್ರೆಯೂ 1000 ಲೀಟರ್ ಸಾಮರ್ಥ್ಯ ಮೀರಬಾರದು. 200ರಂತೆ ಹನ್ನೆರಡು ಡ್ರಮ್ ಅಂದರೆ 2400, ಸರಿಹೋಯಿತು. ಅದೇ ಹನ್ನೆರಡನ್ನು ಕಂಠಪೂರ್ತಿ ತುಂಬಿದರೆ 2616, ಮಿತಿ ದಾಟಿತು. ಜನರೇಟರ್ ಟ್ಯಾಂಕಿನಲ್ಲಿ ಇರುವುದನ್ನೂ ಸೇರಿಸಿಕೊಂಡೇ ಲೆಕ್ಕ ಹಾಕಿ. ನಾವು ಹತ್ತು ಡ್ರಮ್‌ಗಿಂತ ಜಾಸ್ತಿ ಇಡುವುದಿಲ್ಲ. ಪ್ರತಿ ಡ್ರಮ್ ಮೇಲೂ ಪೇಂಟಿನಲ್ಲಿ ಮೂರು ಅಂಕಿ ಬರೆಸಿದ್ದೇನೆ: 218, 200, 192. ರಿಜಿಸ್ಟರ್‌ನಲ್ಲಿ ಈಗ ‘ಖಾಲಿ’ ಅನ್ನುವ ಕಾಲಂ ಇಲ್ಲ, ಸರಳಿನ ಸೆಂ.ಮೀ. ಬರೆಯುವ ಕಾಲಂ ಇದೆ.