ಟ್ರಂಕಿನಲ್ಲಿದ್ದ ಪ್ರಿನ್ಸ್, ಮಾಣಿಯ ಲ್ಯಾಪ್‌ಟಾಪಿಗೆ

ಶಿರಸಿ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತು ಇಲ್ಲ. ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್, ಯಾವುದನ್ನೂ ಬಿಡುವುದಿಲ್ಲ. ನನ್ನ ಫ್ಲಾಪಿಗಳು ಉಳಿದದ್ದು ಅಮ್ಮನಿಂದ. ಒಲೆಯ ಮೇಲಿನ ಅಟ್ಟದಲ್ಲಿ, ಹಳೇ ಟ್ರಂಕಿನಲ್ಲಿ ಇಟ್ಟುಬಿಟ್ಟಿದ್ದಳು. ಹೊಗೆ ವಾಸನೆ ಬಂದಿದೆ, ಆದರೆ ಬೂಷ್ಟಿಲ್ಲ.

1996ರಲ್ಲಿ ಪೇಟೆಗೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಕಲಿಯಬೇಕಾಗಿದ್ದು ಲೋಟಸ್ ಅನ್ನುವ ಲೆಕ್ಕದ ಪ್ರೋಗ್ರಾಂ, ಕಲಿತದ್ದು ಪ್ರಿನ್ಸ್ ಆಫ್ ಪರ್ಷಿಯಾ ಅನ್ನುವ ಆಟ. ಮೊನ್ನೆ ಅಕ್ಕನ ಮಗ, ನಮ್ಮ ಮಾಣಿ, ರಜೆಗೆ ಬಂದವನು ಟ್ರಂಕು ತೆಗೆದು, "ಮಾವ, ಇದು ನನ್ನ ಲ್ಯಾಪ್‌ಟಾಪಲ್ಲಿ ಓಡ್ತದಾ?" ಎಂದ. ಓಡುತ್ತದೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ಆಟವನ್ನು ಡಿಸ್ಕಿನಿಂದ ಹೊರಗೆ ತೆಗೆಯಿರಿ. ಯುಎಸ್‌ಬಿ ಫ್ಲಾಪಿ ಡ್ರೈವ್ ಸಿಗುತ್ತದೆ, ಒಮ್ಮೆ ಯಾರಿಂದಲಾದರೂ ಇಸಕೊಂಡರೆ ಸಾಕು. ಸಿಡಿಯಾದರೆ ಮೆತ್ತಗಿನ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ. ತಟ್ಟೆ ಉಜ್ಜಿದ ಹಾಗೆ ಸುತ್ತ ತಿರುಗಿಸಿ ಒರೆಸಬೇಡಿ. ಓದುವುದು ನಿಧಾನವಾದರೂ ತಾಳ್ಮೆ ಇರಲಿ. ಫೈಲುಗಳು ಹಾರ್ಡ್‌ಡಿಸ್ಕಿಗೆ ಬಂದ ಮೇಲೆ ಪೆನ್‌ಡ್ರೈವಿಗೂ ಒಂದು ಕಾಪಿ ಹಾಕಿಡಿ.

ಮಾಣಿ ನನ್ನ ಮಾತು ಮುಗಿಯುವ ಮೊದಲೇ ಪ್ರಿನ್ಸ್ ಮೇಲೆ ಎರಡು ಸಲ ಕ್ಲಿಕ್ ಮಾಡಿದ. ಈ ಪಿಸಿಯಲ್ಲಿ ಇದು ಓಡುವುದಿಲ್ಲ ಅಂತ ಬಂತು. ಬರಲೇಬೇಕು. ಅದು 16 ಬಿಟ್ ಕಾಲದ ಆಟ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, ಅದಕ್ಕೆ 16 ಬಿಟ್‌ನ ಭಾಷೆ ಗೊತ್ತಿಲ್ಲ. ಫೈಲಿನ ಪ್ರಾಪರ್ಟೀಸ್ ಒಳಗಿನ ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ ಏನು ಟಿಕ್ ಹಾಕಿದರೂ ಪ್ರಯೋಜನ ಇಲ್ಲ. ಇಂಥ ಡಾಸ್ ಆಟಕ್ಕೆ, ಅಂದರೆ ವಿಂಡೋಸ್‌ಗೂ ಹಿಂದಿನ, ಟೈಪ್ ಮಾಡಿ ನಡೆಸುವ ವ್ಯವಸ್ಥೆಯ ಆಟಕ್ಕೆ, ಡಾಸ್‌ಬಾಕ್ಸ್ ಅನ್ನುವ ಪ್ರೋಗ್ರಾಂ ಸುಲಭದ ದಾರಿ. ಪುಕ್ಕಟೆ ಸಿಗುತ್ತದೆ, ಹಳೇ ಕಂಪ್ಯೂಟರನ್ನೇ ಒಂದು ಕಿಟಕಿಯೊಳಗೆ ಕೂರಿಸಿದ ಹಾಗೆ.

ಆಟದ ಫೋಲ್ಡರನ್ನು ಸಿ ಡ್ರೈವಿನಲ್ಲಿ ನೇರವಾಗಿ ಇಡಿ. ಹೆಸರು ಇಂಗ್ಲಿಷಿನಲ್ಲಿ, ಎಂಟು ಅಕ್ಷರದೊಳಗೆ, ನಡುವೆ ಜಾಗ ಬಿಡದೆ ಇರಲಿ. ಡಾಸ್‌ಗೆ ಉದ್ದ ಹೆಸರು ಆಗಿಬರುವುದಿಲ್ಲ. ಡಾಸ್‌ಬಾಕ್ಸ್ ತೆರೆದು ಇಂಗ್ಲಿಷಿನಲ್ಲಿ ಮೌಂಟ್ (mount) ಅಂತ ಟೈಪ್ ಮಾಡಿ, ಜಾಗ ಬಿಟ್ಟು ಸಿ, ಮತ್ತೆ ಜಾಗ ಬಿಟ್ಟು ಫೋಲ್ಡರಿನ ಪೂರ್ತಿ ವಿಳಾಸ. ಎಂಟರ್. ಆಮೇಲೆ ಸಿ, ಕೋಲನ್, ಎಂಟರ್. ಡಿಐಆರ್ (dir) ಹೊಡೆದರೆ ಒಳಗಿನ ಫೈಲುಗಳೆಲ್ಲ ಕಾಣುತ್ತವೆ. ಅದರಲ್ಲಿ ಆಟವನ್ನು ಶುರು ಮಾಡುವ ಇಎಕ್ಸ್‌ಇ (exe) ಫೈಲಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಆಟ ಶುರು. ಇಷ್ಟೆಲ್ಲ ಬೇಜಾರಾದರೆ ಆ ಇಎಕ್ಸ್‌ಇ ಫೈಲನ್ನೇ ಎಳೆದು ಡಾಸ್‌ಬಾಕ್ಸ್ ಐಕಾನ್ ಮೇಲೆ ಬಿಡಿ. ನಾನು ಮಾತ್ರ ಟೈಪ್ ಮಾಡಿಯೇ ಹೋಗುವವನು. ಬೆರಳಿಗೆ ಅಭ್ಯಾಸ ಬಿಟ್ಟಿಲ್ಲ.

ಇನ್ನು ವೇಗದ ವಿಷಯ. 1981ರ ಐಬಿಎಂ ಪಿಸಿ ಓಡುತ್ತಿದ್ದದ್ದು 4.77 ಮೆಗಾಹರ್ಟ್ಸ್‌ನಲ್ಲಿ. ಆ ಕಾಲದ ಎಷ್ಟೋ ಆಟಗಳಿಗೆ ಗಡಿಯಾರವೇ ಇರಲಿಲ್ಲ, ಪ್ರೊಸೆಸರ್ ಎಷ್ಟು ಜೋರೋ ಆಟವೂ ಅಷ್ಟೇ ಜೋರು. ನಮ್ಮ ಕ್ಲಾಸಿನ 386ರ ಡಬ್ಬಿಯಲ್ಲಿ ಟರ್ಬೊ ಅಂತ ಒಂದು ಗುಂಡಿ ಇತ್ತು. ಒತ್ತಿದರೆ ಜೋರಾಗುತ್ತದೆ ಅಂದುಕೊಂಡಿದ್ದೆವು. ಅದು ಇದ್ದದ್ದು ಹಳೇ ಆಟಗಳಿಗಾಗಿ ಯಂತ್ರವನ್ನು ನಿಧಾನ ಮಾಡಲಿಕ್ಕೆ! ಡಾಸ್‌ಬಾಕ್ಸ್‌ನಲ್ಲಿ ಅದೇ ಕೆಲಸಕ್ಕೆ ಸೈಕಲ್ಸ್ ಅಂತ ಇದೆ. ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ನಿಧಾನ, ಎಫ್12 ಒತ್ತಿದರೆ ಜೋರು. ಕಿಟಕಿಯ ಮೇಲಿನ ಪಟ್ಟಿಯಲ್ಲಿ 3000 ಅಂತ ಕಾಣುವ ಅಂಕಿ ಇದೇ. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್ಎನ್ (Fn) ಕೀಲಿ ಕೂಡ ಹಿಡಿದುಕೊಳ್ಳಬೇಕು. ಮಾಣಿ ಅದನ್ನು ಮರೆತು ಮೂರು ಸಲ ಸೌಂಡ್ ಜಾಸ್ತಿ ಮಾಡಿದ. ಆಲ್ಟ್ ಮತ್ತು ಎಂಟರ್ ಒತ್ತಿದರೆ ಪರದೆ ತುಂಬುತ್ತದೆ. ಮೌಸ್ ಒಳಗೆ ಸಿಕ್ಕಿಕೊಂಡರೆ ಕಂಟ್ರೋಲ್-ಎಫ್10.

ವಿಂಡೋಸ್ 95, 98ರ ಆಟಗಳದ್ದು ಬೇರೆ ಕಥೆ. ಅಲ್ಲಿ ಕಂಪ್ಯಾಟಿಬಿಲಿಟಿ ಟ್ಯಾಬ್ ಕೆಲಸಕ್ಕೆ ಬರುತ್ತದೆ. ಏಜ್ ಆಫ್ ಎಂಪೈರ್ಸ್ (1997) ಹಾಕಿದರೆ ನೀರು ಕೆಂಪು, ಹುಲ್ಲು ನೇರಳೆ ಆಗಬಹುದು. ಆಟ ಬೇಡುವುದು 256 ಬಣ್ಣ, ಈಗಿನ ಪರದೆ ಕೊಡುವುದು ಕೋಟಿಗಟ್ಟಲೆ. ಅದೇ ಟ್ಯಾಬಿನಲ್ಲಿ 8 ಬಿಟ್ ಬಣ್ಣ ಆರಿಸಿ ನೋಡಿ. ಹಳೇ ಆಟಗಳು ಬಳಸುವ ಡೈರೆಕ್ಟ್‌ಪ್ಲೇ ಅನ್ನುವ ವಿಂಡೋಸ್ ಭಾಗ ಬೇಕು ಅಂದರೆ ವಿಂಡೋಸ್ ಫೀಚರ್ಸ್‌ನಲ್ಲಿ ಲೆಗಸಿ ಕಾಂಪೊನೆಂಟ್ಸ್ ಒಳಗೆ ಟಿಕ್ ಹಾಕಿ. ಪ್ರೋಗ್ರಾಂ ಫೈಲ್ಸ್ ಒಳಗೆ ಇನ್‌ಸ್ಟಾಲ್ ಮಾಡಬೇಡಿ, ಅಲ್ಲಿ ಸೇವ್ ಬರೆಯಲಿಕ್ಕೆ ವಿಂಡೋಸ್ ಸುಮ್ನೆ ಬಿಡುವುದಿಲ್ಲ.

ಒಂದು ಕಡೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಕಾಪಿ ತಡೆಯಲು ಸೇಫ್‌ಡಿಸ್ಕ್ ಹಾಕಿದ ಸಿಡಿಗಳು ವಿಂಡೋಸ್ 10ರಿಂದ ಓಡುವುದಿಲ್ಲ. ಅದರ ಡ್ರೈವರನ್ನು ಭದ್ರತೆಯ ಕಾರಣಕ್ಕೆ ಮೈಕ್ರೋಸಾಫ್ಟೇ ಕೈಬಿಟ್ಟಿತು. ಹಳೇ ಆಟಗಳನ್ನು ಮಾರುವ ಜಿಒಜಿ (GOG) ಜಾಲತಾಣದಲ್ಲಿ ಅದೇ ಆಟ ಇದ್ದರೆ ಕೊಂಡುಬಿಡಿ. ನಾನು ಒಂದು ಭಾನುವಾರ ಪೂರ್ತಿ ಕಳೆದು ಕೊನೆಗೆ ಅದನ್ನೇ ಮಾಡಿದೆ.

ಪ್ರಿನ್ಸ್‌ನಲ್ಲಿ ರಾಜಕುಮಾರಿಯನ್ನು ಬಿಡಿಸಲಿಕ್ಕೆ ಇರುವುದು 60 ನಿಮಿಷ. ಕಂಟ್ರೋಲ್-ಜಿ ಒತ್ತಿದರೆ ಆಟ ಸೇವ್ ಆಗುತ್ತದೆ, ಆದರೆ ಮೂರನೇ ಲೆವೆಲ್ಲಿನಿಂದ ಮಾತ್ರ. ಮೊಳೆ ಇರುವಲ್ಲಿ ಶಿಫ್ಟ್ ಹಿಡಿದು ನಡಿ ಅಂದರೆ ಮಾಣಿ ಕೇಳುವುದಿಲ್ಲ, ಓಡಿಯೇ ಹೋಗುತ್ತಾನೆ. ಮೂರು ದಿನದಿಂದ ಎರಡನೇ ಲೆವೆಲ್ಲಿನಲ್ಲೇ ಇದ್ದಾನೆ. ಕಂಟ್ರೋಲ್-ಜಿ ಹೇಳಿಕೊಡುವ ಪ್ರಮೇಯ ಇನ್ನೂ ಬಂದಿಲ್ಲ.