ಕೆಟ್ಟ ಕಿವಿಯನ್ನು ಮತ್ತೆ ಕಟ್ಟಿದ್ದು

ಹುಡುಗ ಟೋಪಿ ತೆಗೆಯಲೇ ಇಲ್ಲ. ಕೊನೆಗೆ ಅಪ್ಪನೇ ತೆಗೆದರು. "ಎರಡು ಸಲ ಆಪರೇಷನ್ ಆಯ್ತು ಡಾಕ್ಟ್ರೇ, ಕಿವಿ ಮಾತ್ರ ಬರ್ಲಿಲ್ಲ."

ಹುಟ್ಟುವಾಗಲೇ ಬಲಗಿವಿ ಇರಲಿಲ್ಲ. ಈಗ 16 ವರ್ಷ. ಬೇರೊಂದು ಆಸ್ಪತ್ರೆಯಲ್ಲಿ ಪಕ್ಕೆಲುಬಿನ ಮೆದು ಮೂಳೆಯಿಂದ ಕಿವಿ ಕಟ್ಟಿದ್ದರು. ಸೋಂಕಾಗಿ ಅರ್ಧ ಕರಗಿಹೋಗಿತ್ತು. ಉಳಿದದ್ದು ಮುದುಡಿದ ಹಪ್ಪಳದ ಹಾಗಿತ್ತು. ಮೇಲಂಚಿನಲ್ಲಿ, ತುಣುಕುಗಳನ್ನು ಜೋಡಿಸಿದ್ದ ಉಕ್ಕಿನ ತಂತಿಯ ತುದಿ ಚರ್ಮ ತೂರಿ ಇಣುಕುತ್ತಿತ್ತು.

"ಮತ್ತೆ ಮೂಳೆ ಸಿಗುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ಸಿಗುತ್ತದೆ, ಎದೆಯ ಇನ್ನೊಂದು ಪಕ್ಕ ಇದೆಯಲ್ಲ. ನನ್ನ ತಲೆನೋವು ಚರ್ಮ. ಮೊದಲ ಸಲ ಅದು ಮೆತ್ತಗೆ ಹಿಗ್ಗುತ್ತದೆ. ಕಲೆಗಟ್ಟಿದ ಚರ್ಮಕ್ಕೆ ರಕ್ತವೇ ಕಡಿಮೆ. ಅದರಡಿ ಮೆದು ಮೂಳೆಯಲ್ಲಿ ಕೆತ್ತಿದ ಹೊಸ ಚೌಕಟ್ಟು ತುರುಕಿದರೆ ಚರ್ಮ ಕಪ್ಪಾಗಿ ಸಾಯುತ್ತದೆ, ಚೌಕಟ್ಟೂ ಹೋಗುತ್ತದೆ.

ಅದಕ್ಕೇ ಕಣತಲೆ ಮುಟ್ಟಿ ನಾಡಿ ಹುಡುಕಿದೆ. ಅಲ್ಲಿ, ತಲೆಯ ಚರ್ಮದಡಿ ತೆಳು ಪೊರೆಯೊಂದಿದೆ. ನಾವು ಫೇಸಿಯಾ ಅನ್ನುತ್ತೇವೆ. ಅದನ್ನು ರಕ್ತನಾಳದ ಸಮೇತ ಮಡಚಿ ಚೌಕಟ್ಟಿಗೆ ಹೊದಿಸಬಹುದು. ಹಳೆಯ ಗಾಯ ಆ ನಾಳದ ಪಕ್ಕದಲ್ಲೇ ಹಾದಿತ್ತು. ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಕಡ್ಡಿ ಇಟ್ಟೆ. ಶೂ... ಶೂ... ಅಂತ ಸದ್ದು ಬಂತು. ಅಬ್ಬಾ! ನಾಳ ಕತ್ತರಿಸಿಹೋಗಿದ್ದರೆ ಎಡಗಡೆಯ ಪೊರೆ ತಂದು ಮೈಕ್ರೋಸ್ಕೋಪಿನಡಿ ನಾಳ ಜೋಡಿಸಬೇಕಿತ್ತು.

ಬೇರೆ ದಾರಿಗಳನ್ನೂ ಹೇಳಿದೆ. ತಲೆಬುರುಡೆಗೆ ಹಾಕಿದ ಟೈಟಾನಿಯಂ ಸ್ಕ್ರೂಗೆ ಸಿಕ್ಕಿಸುವ ಸಿಲಿಕೋನ್ ಕಿವಿ ನೋಡಲು ಚೆಂದ. ಆದರೆ ಸ್ಕ್ರೂ ಸುತ್ತ ದಿನಾ ಶುಚಿ ಮಾಡಬೇಕು, ಕೆಲವು ವರ್ಷಕ್ಕೊಮ್ಮೆ ಕಿವಿ ಬದಲಿಸಬೇಕು. "ರಾತ್ರಿ ಬಿಚ್ಚಿಡಬೇಕಾ?" ಅಂದ ಹುಡುಗ. ಮಾತು ಅಲ್ಲಿಗೇ ಮುಗಿಯಿತು. ಮೆಡ್‌ಪೋರ್ ಎಂಬ ಪ್ಲಾಸ್ಟಿಕ್ ಚೌಕಟ್ಟಾದರೆ ಪಕ್ಕೆಲುಬು ಮುಟ್ಟಬೇಕಿಲ್ಲ. ಆದರೆ ಒಮ್ಮೆ ಸೋಂಕಾದ ಜಾಗಕ್ಕೆ ಅದನ್ನು ಹಾಕಲು ನನಗೆ ಧೈರ್ಯವಿಲ್ಲ. ಸುಮ್ನೆ ಬಿಡುವುದೂ ಒಂದು ದಾರಿಯೇ ಅಂದೆ. ಅಪ್ಪನಿಗೆ ಹಿಡಿಸಲಿಲ್ಲ.

ತಂತಿ ತೆಗೆದು, ಗಾಯ ಒಣಗಿ, ಆರು ತಿಂಗಳು ಕಾದೆವು.

ಎಡಗಿವಿಯ ಅಚ್ಚನ್ನು ಎಕ್ಸ್‌ರೇ ಫಿಲ್ಮಿನ ಮೇಲೆ ಬರೆದು ಮಗುಚಿಕೊಂಡೆ. ಎದೆಯ ಎಡಗಡೆಯ 6, 7, 8ನೇ ಪಕ್ಕೆಲುಬಿನ ಮೆದು ಮೂಳೆ ತೆಗೆದು ಕೆತ್ತಿದೆ. ಕೆಟ್ಟ ಚರ್ಮವನ್ನೂ ಹಳೆಯ ತುಣುಕುಗಳನ್ನೂ ಪೂರ್ತಿ ಕಿತ್ತೆ. ಇಲ್ಲಿ ಕಂಜೂಸುತನ ಮಾಡಿ ಹಿಂದೊಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಕಲೆಯ ಒಂದು ಪಟ್ಟಿ ಉಳಿಸಿದ್ದೆ, ಅಲ್ಲಿಂದಲೇ ಚೌಕಟ್ಟು ಹೊರಬಂತು.

ಪೊರೆ ಬಿಡಿಸುವುದು ಜಾಸ್ತಿ ಹೊತ್ತಿನ ಕೆಲಸ. ನೆನೆದ ಮಲ್ಲು ಬಟ್ಟೆಯಷ್ಟು ತೆಳು. ಸ್ವಲ್ಪ ಮೇಲೆ ಕೊಯ್ದರೆ ಕೂದಲಿನ ಬೇರು ಸಾಯುತ್ತದೆ. ಹೊದಿಸಿ, ಸಣ್ಣ ಕೊಳವೆಗಳಿಂದ ಗಾಳಿ ಎಳೆದಾಗ ಪೊರೆ ಚೌಕಟ್ಟಿಗೆ ಕಚ್ಚಿಕೊಂಡು ಒಂದೊಂದೇ ಮಡಿಕೆ ಎದ್ದಿತು. ಸಿಸ್ಟರ್ "ಕಿವಿ ಬಂತು ಸಾರ್" ಅಂದರು. ಮೇಲೆ ತೆಳು ಚರ್ಮದ ಕಸಿ ಹಾಕಿದೆವು.

ಮೇಲಂಚು ಎಡಗಿವಿಗಿಂತ ದಪ್ಪವಾಗಿದೆ. ಕಣತಲೆಯ ಮೇಲೆ ಬೆರಳಗಲ ಕೂದಲು ತೆಳುವಾಗಿದೆ. ಮೊನ್ನೆ ಟೋಪಿ ಇಲ್ಲದೆ ಬಂದಿದ್ದ. "ಮಾಸ್ಕ್ ನಿಲ್ಲುತ್ತೆ ಸಾರ್, ಕನ್ನಡಕ ಜಾರುತ್ತೆ" ಅಂದ. ಕಿವಿಯ ಹಿಂಬದಿಯನ್ನು ತಲೆಯಿಂದ ಬಿಡಿಸಿ ಎತ್ತುವ ಆಪರೇಷನ್ ಇನ್ನೂ ಬಾಕಿ ಇದೆ. ಪರೀಕ್ಷೆ ಮುಗಿಸಿಕೊಂಡು ಬಾ ಅಂದಿದ್ದೇನೆ.