ನಲ್ಲರ್‌ಬೋರ್ ಬಯಲನ್ನು ತಂಡವಾಗಿ ಸೈಕಲ್ಲಿನಲ್ಲಿ ದಾಟಿದ ಬಗೆ

ಪರ್ತ್‌ನಿಂದ ಸಿಡ್ನಿವರೆಗೆ ಆಸ್ಟ್ರೇಲಿಯಾವನ್ನು ಅಡ್ಡ ಹಾಯುವವರು ತಯಾರಿಯ ಬಹುಪಾಲನ್ನು ನಲ್ಲರ್‌ಬೋರ್ ಬಯಲನ್ನು ಹಾಯುವ, ನಾರ್ಸ್‌ಮನ್ ಮತ್ತು ಸೆಡೂನಾ ಊರುಗಳ ನಡುವಿನ ಸುಮಾರು 1,200 ಕಿ.ಮೀ.ಗೇ ಮಾಡಬೇಕು. ಮಿಕ್ಕ ಕಡೆ ಊರು, ಅಂಗಡಿ ಸಿಗುತ್ತವೆ. ಇಲ್ಲಿ ಏರ್ (Eyre) ಹೆದ್ದಾರಿಯುದ್ದಕ್ಕೂ ಹೆಚ್ಚಾಗಿ ಸಿಗುವುದು ರೋಡ್‌ಹೌಸ್‌ಗಳೇ: ಪೆಟ್ರೋಲ್ ಬಂಕು, ಊಟ, ರೂಮು ಎಲ್ಲಾ ಒಂದೇ ಕಡೆ. ನಾರ್ಸ್‌ಮನ್‌ನಿಂದ ಬಲ್ಲಡೋನಿಯಾ ಸುಮಾರು 190 ಕಿ.ಮೀ.; ಅಲ್ಲಿಂದ ಕೇಗೂನಾ 180ರ ಮೇಲೆ, ಅದರಲ್ಲಿ 146.6 ಕಿ.ಮೀ. ಒಂದು ತಿರುವೂ ಇಲ್ಲದ ನೇರ ರಸ್ತೆ. ಲಗೇಜು ಹೇರಿದ ಸೈಕಲ್ಲಿಗೆ ಇವು ಒಂದು ದಿನದ ದಾರಿಯಲ್ಲ, ನಡುವೆ ಟೆಂಟ್ ಹಾಕಲೇಬೇಕು.

ಬೆಂಬಲಕ್ಕೆ ವಾಹನವಿದ್ದರೆ ನೀರಿನ ತಲೆನೋವಿಲ್ಲ. ನಾವು ಇಟ್ಟುಕೊಂಡಿರಲಿಲ್ಲ. ಚಳಿಗಾಲದಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ತಲೆಗೆ ದಿನಕ್ಕೆ ಕುಡಿಯಲು 4 ಲೀಟರ್, ಅಡುಗೆಗೆ 1 ಲೀಟರ್ ಎಂದು ಲೆಕ್ಕ ಹಾಕಿದೆವು. ಎರಡು ದಿನಕ್ಕೆ 10 ಲೀಟರ್, ಎದುರುಗಾಳಿ ಬಂದರೆ ಇರಲಿ ಎಂದು ಇನ್ನೆರಡು. ಬೇಸಿಗೆಗೆ ಈ ಲೆಕ್ಕ ಸಾಲದು. ಎಲ್ಲವನ್ನೂ ಒಂದೇ ದೊಡ್ಡ ಚೀಲಕ್ಕೆ ತುಂಬಬೇಡಿ. ಒಂದು ತೂತು ಬಿದ್ದರೆ ಅಷ್ಟೂ ಹೋಯಿತು. 3-4 ಲೀಟರಿನ ಚೀಲಗಳಾಗಿ ಹಂಚಿ, ಮುಂದಿನ ಕ್ಯಾರಿಯರ್‌ನಲ್ಲಿ ಆದಷ್ಟು ತಗ್ಗಾಗಿ ಕಟ್ಟಿದರೆ ಹ್ಯಾಂಡಲ್ ಅಲುಗುವುದಿಲ್ಲ. ರೋಡ್‌ಹೌಸ್‌ಗಳಲ್ಲೇ ನೀರಿಗೆ ಬರ, ಪುಕ್ಕಟೆ ತುಂಬಿಸಿಕೊಡುತ್ತಾರೆಂದು ನಂಬಿ ಹೋಗಬೇಡಿ. ಬಾಟಲಿಗೆ ದುಡ್ಡು ತೆಗೆದಿಡಿ.

ದಿಕ್ಕು ಪಶ್ಚಿಮದಿಂದ ಪೂರ್ವಕ್ಕೆ. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸಿ ಬೆನ್ನು ತಳ್ಳುತ್ತದೆ. ಆದರೆ ಇದಕ್ಕೊಂದು ಬೆಲೆಯಿದೆ: ಬೆಳಗಿನ ತಗ್ಗು ಸೂರ್ಯ ನೇರ ಎದುರಿಗೆ, ಹಿಂದಿನಿಂದ ಬರುವ ಲಾರಿ ಚಾಲಕನ ಕಣ್ಣಿಗೂ ಅದೇ ಬಿಸಿಲು. ಅದಕ್ಕೇ ಸೂರ್ಯ ಹುಟ್ಟಿ ಒಂದು ಗಂಟೆ ಕಳೆದ ಮೇಲೆಯೇ ಹೊರಟೆವು. ಹಗಲು ಚಿಕ್ಕದು, ದೂರ ಕಡಿಮೆಯಾಗುತ್ತದೆ, ಆಗಲಿ.

ಇಲ್ಲಿನ ರೋಡ್ ಟ್ರೇನ್‌ಗಳು, ಅಂದರೆ ಒಂದಕ್ಕಿಂತ ಹೆಚ್ಚು ಟ್ರೇಲರ್ ಎಳೆಯುವ ಲಾರಿಗಳು, 36.5 ಮೀಟರ್‌ವರೆಗೆ ಉದ್ದ. ಎದುರಿನಿಂದ ಬಂದಾಗ ಗಾಳಿಯ ಹೊಡೆತ, ಹಿಂದಿನಿಂದ ದಾಟಿದಾಗ ಒಳಕ್ಕೆಳೆಯುವ ಸೆಳೆತ. ರೇಸಿನಲ್ಲಿ ಗಾಳಿಗೆ ಎದುರಾಗಿ ದಣಿದ ಮುಂದಿನವ ಬಲಕ್ಕೆ ಸರಿದು ಹಿಂದೆ ಬೀಳುವ ಪದ್ಧತಿ ಇಲ್ಲಿ ಅಪಾಯ, ಎಡಕ್ಕೆ ಇಳಿದರೆ ಟಾರಿನ ಅಂಚು ಚಕ್ರವನ್ನು ಹಿಡಿದು ಬೀಳಿಸುತ್ತದೆ. ಆದ್ದರಿಂದ ಒಂಟಿ ಸಾಲು, ಮುಂದಾಳು ಬದಲಾಗುವುದು ನಿಂತಾಗ ಮಾತ್ರ. ನಾಲ್ಕಕ್ಕಿಂತ ಹೆಚ್ಚು ಜನರಿದ್ದರೆ ಎರಡು ಗುಂಪಾಗಿ, ನಡುವೆ ಲಾರಿ ನುಸುಳುವಷ್ಟು ನೂರಾರು ಮೀಟರ್ ಅಂತರ ಬಿಡಿ. ಕೊನೆಯವರ ಬಳಿ ಕನ್ನಡಿ, ಲಾರಿಯವರೊಡನೆ ಮಾತಾಡಲು ಯು.ಎಚ್.ಎಫ್. ರೇಡಿಯೋ (ವಾಕಿಟಾಕಿ) ಇರಲಿ. ಲಾರಿಯವರು ಮಾತಾಡುವುದು 40ನೇ ಚಾನೆಲ್‌ನಲ್ಲಿ. ಮುಂದೆ ಸೈಕಲ್ಲುಗಳಿವೆ ಎಂದು ಒಮ್ಮೆ ಹೇಳಿದರೆ ಸಾಕು, ದೂರದಿಂದಲೇ ಪಕ್ಕಕ್ಕೆ ತೆಗೆಯುತ್ತಾರೆ. ಎರಡೂ ಕಡೆಯಿಂದ ಒಟ್ಟಿಗೆ ಲಾರಿ ಬಂದರೆ ಮಾತ್ರ ಯೋಚಿಸದೆ ನಿಂತು ಜಲ್ಲಿಗೆ ಇಳಿಯಿರಿ.

ತಂಡಕ್ಕೆಲ್ಲಾ ಒಂದೇ ಅಳತೆಯ ಚಕ್ರ ಇರಲಿ, ಆಗ ಒಂದು ಹೆಚ್ಚುವರಿ ಟೈರ್ ಎಲ್ಲರಿಗೂ ಒದಗುತ್ತದೆ. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿಸುವ ತುಂಡು, ಗೇರ್ ಹ್ಯಾಂಗರ್, ಮಾತ್ರ ಫ್ರೇಮಿಗೊಂದು ಬಗೆ, ಅವರವರದು ಅವರವರೇ ಒಯ್ಯಬೇಕು. ಹೆಚ್ಚಾಗಿ ಮುರಿಯುವುದು ಹಿಂಚಕ್ರದ ಚೈನ್ ಬದಿಯ ಕಡ್ಡಿ: ಭಾರವೂ ಅಲ್ಲೇ, ಬಿಗಿಯೂ ಆ ಬದಿಗೇ ಹೆಚ್ಚು. ಅದನ್ನು ಹಾಕಲು ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗುಂಪು) ಬಿಚ್ಚಬೇಕು, ಹಾಗಾಗಿ ಬಿಚ್ಚುವ ಸಾಧನವಿಲ್ಲದೆ ಕಡ್ಡಿ ಒಯ್ದು ಪ್ರಯೋಜನವಿಲ್ಲ. ಕ್ಯಾರಿಯರ್ ಬೋಲ್ಟುಗಳನ್ನು ಪ್ರತಿ ಸಂಜೆ ಮುಟ್ಟಿ ನೋಡಿ. ಟೆಂಟ್ ಹಾಕಲು ರಸ್ತೆ ಬಿಡುವಾಗ ಸೈಕಲ್ ತಳ್ಳಬೇಡಿ, ಎತ್ತಿಕೊಂಡು ನಡೆಯಿರಿ. ಪಕ್ಕದ ಮುಳ್ಳುಗಿಡಗಳಲ್ಲಿ ಪಂಕ್ಚರ್ ಆಗುತ್ತದೆ.

ಊಟಕ್ಕೆ ಪರ್ತ್‌ನ ಭಾರತೀಯ ಅಂಗಡಿಯ ಅವಲಕ್ಕಿ, ಚಟ್ನಿಪುಡಿ ಚೆನ್ನಾಗಿ ಒದಗಿದವು: ಹಗುರ, ನೆನೆಸಿದರೆ ಸಾಕು, ಗ್ಯಾಸ್ ಉಳಿತಾಯ. ಕೇಗೂನಾ ದಾಟಿದ ಮೇಲೆ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಗಡಿಯವರೆಗಿನ ರೋಡ್‌ಹೌಸ್‌ಗಳ ಗಡಿಯಾರ ಪರ್ತ್‌ಗಿಂತ 45 ನಿಮಿಷ ಮುಂದೆ. ಮೊಬೈಲಿನ ಸಮಯ ನಂಬಿದರೆ ಅಡುಗೆಮನೆ ಮುಚ್ಚಿರುತ್ತದೆ. ಸೆಡೂನಾದಲ್ಲಿ ಹಣ್ಣುನೊಣ ಒಳಬರದಂತೆ ಸಾಮಾನಿನ ತಪಾಸಣೆಯಿದೆ, ಹಣ್ಣು ತರಕಾರಿ ಅದಕ್ಕೆ ಮೊದಲೇ ತಿಂದು ಮುಗಿಸಿ.